ನೀರಿನ ಕೊಡದ ಕೆಳಗಿನ ಗೇರ್‌ಬಾಕ್ಸು

ಕಾರು ರಿಪೇರಿಯ ಬೆರಳು ಮೇಸ್ತ್ರಿಯ ಮನೆಗೆ ಹೋದರೆ, ಯಾವ ಕಾರಿನ ಮೇಲೆ ಕೂರ್ತಿದ್ದೀವಿ ಅಂತ ಕೇಳಿಕೊಂಡೇ ಕೂರಬೇಕು ಎನ್ನುತ್ತಿದ್ದರು ಆ ಓಣಿಯವರು. ಸುಳ್ಳೇನಲ್ಲ. ಮಂಚದಡಿ ಪಿಸ್ಟನ್ನುಗಳು, ಬಾಗಿಲ ಸಂದಿಯಲ್ಲಿ ಫ್ಲೈವೀಲು. ಅಡುಗೆಮನೆಯಲ್ಲಿ ನೀರಿನ ಕೊಡ ಕೂತಿದ್ದು ಹಳೇ ಅಮೆರಿಕನ್ ಕಾರೊಂದರ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮೇಲೆ.

ಬೆರಳು ಅನ್ನುವ ಹೆಸರೂ ಸುಮ್ಮನೆ ಬಂದದ್ದಲ್ಲ. ಆ ಅಮೆರಿಕನ್ ಕಾರುಗಳ ಇಂಜಿನ್ ನಂಬರು ಎರಕದಲ್ಲೇ ಉಬ್ಬಿರುತ್ತದೆ, ಅದೂ ಹಿಂಬದಿಯಲ್ಲಿ, ಕಣ್ಣು ಹೋಗದ ಕಡೆ. ಮೇಸ್ತ್ರಿ ಬಾನೆಟ್ಟಿನೊಳಗೆ ಭುಜದವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ, ಜಿಡ್ಡಿನಡಿಯ ಅಂಕಿಗಳನ್ನು ತಡವುತ್ತಿದ್ದ. ಯಾವ ವರ್ಷದ್ದು, ಯಾವ ಗೇರ್‌ಬಾಕ್ಸಿಗೆ ಕೂಡುತ್ತದೆ, ಎಲ್ಲ ಹೇಳಿಬಿಡುತ್ತಿದ್ದ.

ಹೆಂಡತಿ ಟ್ಯಾಕ್ಸಿ ಓಡಿಸುವವಳು. ಹಿಂದೆ ಆಳು ಮಲಗುವಷ್ಟು ಜಾಗವಿದ್ದ, ಹಡಗಿನಂಥ ಅಮೆರಿಕನ್ ಕಾರು, ಕ್ಲಚ್ ತುಳಿದು ಗೇರು ಹಾಕುವಂಥದ್ದು. ಅದರ ಇಂಜಿನ್ ಬಿರುಕು ಬಿಟ್ಟು ಕೂತಾಗ ಅವಳೂ ಕಿಟಕಿ ಪಕ್ಕ ಮಂಕಾಗಿ ಕೂತಳು. ಅವಳನ್ನು ಹಾಗೆ ನೋಡಲಾಗದೆ ಮೇಸ್ತ್ರಿ ಗುಜರಿಯೆಲ್ಲ ಜಾಲಾಡಿ ಇಂಜಿನ್ ತಂದ. ನಂಬರು ತಡವಿ, "ನಮ್ಮ ಗೇರ್‌ಬಾಕ್ಸಿಗೆ ಹೇಳಿ ಮಾಡಿಸಿದ್ದು ಕಣೇ" ಎಂದು ಬೀಗಿದ.

ಬೋಲ್ಟಿನ ತೂತುಗಳೆಲ್ಲ ಕೂಡಿದವು. ಗೇರ್‌ಬಾಕ್ಸು ಮಾತ್ರ ಪೂರ್ತಿ ಒಳಗೆ ಹೋಗಲೊಲ್ಲದು. ಬಗ್ಗಿ ನೋಡಿದರೆ, ಅದರ ದಂಡದ ತುದಿ ಕೂರಬೇಕಾದ ತೂತೇ ಇಂಜಿನ್ನಿಗಿಲ್ಲ. ಅದು ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಕಾರಿನಿಂದ ಬಿಚ್ಚಿದ್ದು. ಅದಕ್ಕೆ ಆ ತೂತು ಯಾರು ಕೊರೆಯುತ್ತಾರೆ? ನಂಬರು ಓದಿದ ಬೆರಳು ಅಲ್ಲಿಗೆ ಹೋಗಿರಲೇ ಇಲ್ಲ.

"ಊರವರ ಇಂಜಿನ್ನಿಗೆಲ್ಲ ತಾತ ಮುತ್ತಾತನ ಹೆಸರು ಹೇಳ್ತೀರಿ. ಮನೇದಕ್ಕೆ ಬಂದ್ರೆ ಇದು" ಎಂದಳು ಹೆಂಡತಿ.

"ಲೇತಿನಲ್ಲಿ ತೂತು ಕೊರೆಸ್ತೀನಿ ಬಿಡು."

"ಬೇಡಾರೀ." ಅವಳು ಕಾಲು ನೀವಿಕೊಂಡಳು. "ಎಡ ಮಂಡಿ ಹೋಗಿದೆ. ಕ್ಲಚ್ ತುಳಿದ್ರೆ ಜೀವ ಬಾಯಿಗೆ ಬರತ್ತೆ. ಕಾರು ರೆಡಿಯಾದ್ರೂ ನಾನು ಓಡಿಸಲ್ಲ."

"ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲೇ?"

"ಬಿಟ್ಟಿದ್ರೆ ಸ್ಟೀರಿಂಗ್ ಮುಟ್ಟೋಕೆ ಬಿಡ್ತಿದ್ರಾ?"

ಮೇಸ್ತ್ರಿ ಅಡುಗೆಮನೆಗೆ ಹೋದ. ಕೊಡ ಇಳಿಸಿ, ಗೇರ್‌ಬಾಕ್ಸಿನ ಮೈಯೆಲ್ಲ ಬೆರಳಾಡಿಸಿದ. ಈ ಸಲ ಒಳಗೂ, ಹೊರಗೂ, ತುದಿಗೂ. ತಂದ ಇಂಜಿನ್ನಿಗೆ ಕೂಡುವ ಪೆಟ್ಟಿಗೆ ಇಷ್ಟು ವರ್ಷ ಮನೆಯಲ್ಲೇ ನೀರು ಹೊತ್ತು ನಿಂತಿತ್ತು.

"ಕೊಡ ಎಲ್ಲಿಡ್ಲಿ?"

"ನಿಮ್ಮ ತಲೆ ಮೇಲೆ" ಎಂದವಳು ಆಗಲೇ ನಗುತ್ತಿದ್ದಳು.

ಆ ಗೇರ್‌ಬಾಕ್ಸನ್ನು ಕಾರಿಗೆ ಕೂಡಿಸಿ, ಕ್ಲಚ್ ಪೆಡಲನ್ನು ಕಿತ್ತು ಗೂಡಿಗಿಟ್ಟ. ಅವಳು ಎಡಗಾಲು ಚಾಚಿಕೊಂಡು ಮತ್ತೆ ಬಹಳ ವರ್ಷ ಟ್ಯಾಕ್ಸಿ ಓಡಿಸಿದಳು. ಕಾರು ಓಣಿಗೆ ತಿರುಗಿತೆಂದರೆ ಮೇಸ್ತ್ರಿ ಕೈಲಿದ್ದ ಸ್ಪ್ಯಾನರ್ ಇಟ್ಟು ಕಿವಿಗೊಡುತ್ತಿದ್ದ. ಗೇರು ತಾನಾಗಿ ಬದಲಾದದ್ದು ಅವನಿಗಷ್ಟೇ ತಿಳಿಯುತ್ತಿತ್ತು.

ಕೊನೆಗೊಂದು ದಿನ ಅವನನ್ನು ಸ್ಮಶಾನಕ್ಕೆ ಒಯ್ಯಲು ವ್ಯಾನು ಬಂದು ಬಾಗಿಲಲ್ಲಿ ನಿಂತಿತು. "ವಾಪಸ್ ಕಳಿಸಿ, ನಮ್ಮನೇಲಿ ಗಾಡಿ ಇದೆ" ಎಂದಳು ಅವಳು. ಟ್ಯಾಕ್ಸಿಯ ಹಿಂಭಾಗದಲ್ಲಿ ಅವನನ್ನು ಉದ್ದಕ್ಕೆ ಮಲಗಿಸಿದರು. ಅವಳು ಸ್ಟೀರಿಂಗ್ ಹಿಡಿದಳು. ಓಣಿಯವರೆಲ್ಲ ಎರಡೂ ಕಡೆ ನಿಂತಿದ್ದರು. ಕಾರು ಮೆಲ್ಲಗೆ ಹೊರಟಿತು. ಗೇರು ಯಾವಾಗ ಬದಲಾಯಿತೋ ಒಬ್ಬರಿಗೂ ಗೊತ್ತಾಗಲಿಲ್ಲ.