ಒಂದು ಹಿಡಿ ತೌಡಿಗೆ ಮಾರಿದ ಕೂಸು

ಮೊನ್ನೆ ಕೂಸಿಗೆ ಮೂರು ವರ್ಷ ತುಂಬಿತು. ನನ್ನ ಮಗಳು ಫಿಲಿಪ್ಪೀನ್ಸ್ ದೇಶದಲ್ಲಿ ಹೆತ್ತ ಕೂಸು. ಅದು ಕುಣಿದದ್ದು, ಕೇಕನ್ನು ಮೂಗಿಗೆ ಮೆತ್ತಿಕೊಂಡದ್ದು, ನನ್ನನ್ನು ನೋಡಿ ನಾಲಿಗೆ ಚಾಚಿದ್ದು ಎಲ್ಲವನ್ನೂ ಫೋನಿನಲ್ಲಿ ಕಂಡು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಡೂರಿನ ಸಂತೆಯಲ್ಲಿ ಸೊಪ್ಪಿನವಳಿಗೆ ತೋರಿಸಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಬುಕ್ಕಾಂಬುಧಿಯ ಹೆಂಗಸಿಗೆ ತೋರಿಸಿದೆ. ಕಂಡಕ್ಟರಿಗೂ ತೋರಿಸಿದೆ. “ಆಧಾರ್ ಕಾರ್ಡ್ ತೋರ್ಸಮ್ಮಾ ಅಂದ್ರೆ ಮಗೀನ ತೋರುಸ್ತೀಯಲ್ಲ” ಎಂದು ಅವನು ನಕ್ಕ. ನಗಲಿ. ಎದೆಯೊಳಗೆ ಹಿಡಿಸದಷ್ಟು ಖುಷಿ ನನಗೆ.

ಆದರೆ ಆ ಕೂಸು ಉಳಿಯಲಿ ಎಂದು ನಾನು ಅಲ್ಲಿ ಮಾಡಿದ ಕೆಲಸವನ್ನು ಇದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಲಿ. ಮಾಡಿದ್ದರಲ್ಲಿ ತಪ್ಪಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ.

ಮಗಳನ್ನು ತರೀಕೆರೆಗೆ ಕೊಟ್ಟಿದ್ದೆವು. ಅಳಿಯ ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಕೈ ಪಳಗಿದವನು. ದಾವಾವ್ ಎಂಬ ಊರಿಗೆ ಡಾಕ್ಟರ್ ಓದಲು ಹೋಗುವ ನಮ್ಮ ಕಡೆಯ ಮಕ್ಕಳಿಗೆ ಅನ್ನ, ಸಾರು, ಚಪಾತಿ ಮಾಡಿಹಾಕುವ ಮೆಸ್ಸನ್ನು ಯಾರದೋ ಜೊತೆ ಸೇರಿ ಅಲ್ಲೇ ಇಟ್ಟ. ಹಿಂದಿನಿಂದ ಮಗಳೂ ಹೋದಳು. ಮೊದಲ ಹೆರಿಗೆಗೆ ತವರಿಗೆ ಬಂದಳು. ಗಂಡು. ಒಂಬತ್ತು ದಿನ ಇತ್ತು. ಎರಡನೆಯದು ಅಲ್ಲಿಯೇ ಆಯಿತು, ಹೆಣ್ಣು. ನಾಲ್ಕು ದಿನ. ಅದರ ಮುಖ ನಾನು ನೋಡಲೇ ಇಲ್ಲ, ಅಳು ಮಾತ್ರ ಒಂದು ಸಲ ಫೋನಿನಲ್ಲಿ ಕೇಳಿದೆ. ಮೂರನೆಯದು ಹೊಟ್ಟೆಯಲ್ಲಿದ್ದು ಆರು ತಿಂಗಳಾದಾಗ ಮಗಳು ಫೋನ್ ಮಾಡಿ, “ಅವ್ವಾ, ಈ ಸಲ ನೀನು ಬರದಿದ್ರೆ ನಾನೂ ಉಳಿಯಲ್ಲ ಕಣವ್ವ” ಎಂದಳು.

ನಮ್ಮ ಯಜಮಾನರು ತಲೆ ಆಡಿಸಿದರು. “ಬೆಂಗಳೂರಿಗೇ ಒಬ್ಳೇ ಹೋಗದೋಳು ಸಮುದ್ರ ದಾಟ್ತೀಯೇನೇ?”

“ನಾನೇನು ಈಜ್ಕೊಂಡು ಹೋಗ್ತೀನಾ? ವಿಮಾನದಲ್ಲಿ ಕೂತ್ಕೊಂಡು ಹೋಗ್ತೀನಿ ಕಣ್ರೀ.”

ಹೋದೆ. ಮೆಣಸು, ಒಣಶುಂಠಿ, ಹಿಪ್ಪಲಿ ಕುಟ್ಟಿದ ಬಾಣಂತಿ ಖಾರ, ರಾಗಿ ಹಿಟ್ಟು, ಹರಳೆಣ್ಣೆ, ಬಜೆ, ನನ್ನ ಹಳೆಯ ಸೀರೆಗಳು, ಇವೇ ನನ್ನ ಸಾಮಾನು.

ಮಗಳ ಮನೆ ಒಂದು ಓಣಿಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ. ಬೆಳಗಾದರೆ ಕೆಳಗಿನಿಂದ ಒಣಮೀನು ಹುರಿಯುವ ವಾಸನೆ ಏರುತ್ತಿತ್ತು. ಮೊದಲ ವಾರವೆಲ್ಲ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಇದ್ದೆ. ಮಧ್ಯಾಹ್ನ ಮಳೆ, ಆಮೇಲೆ ಬೆವರು. ತೆಂಗು ನಮ್ಮ ಪಂಚನಹಳ್ಳಿಯ ತೆಂಗಿನ ಹಾಗೆಯೇ, ಆದರೆ ಅದರ ಕೆಳಗೆ ನಿಂತು ಮಾತಾಡಲು ನನಗೆ ಯಾರೂ ಇರಲಿಲ್ಲ. ಇರುವ ಗಡುವು ಮುಗಿಯುತ್ತಾ ಬಂದಾಗಲೆಲ್ಲ ವೀಸಾ ಆಫೀಸಿನಲ್ಲಿ ಸಾಲು ನಿಲ್ಲಬೇಕು. ಅಲ್ಲಿ ನನ್ನ ಬೆರಳಿನ ಗುರುತು ಯಂತ್ರಕ್ಕೆ ಹತ್ತುತ್ತಿರಲಿಲ್ಲ. ಆಫೀಸಿನ ಹುಡುಗಿ ಮತ್ತೆ ಮತ್ತೆ ಬೆರಳು ಒರೆಸಿ ಒತ್ತಿಸುತ್ತಿದ್ದಳು. “ನಲವತ್ತು ವರ್ಷ ಕಳೆ ಕಿತ್ತ ಬೆರಳು ಕಣೇ, ಅದರಲ್ಲೇನೂ ಉಳಿದಿಲ್ಲ ಅನ್ನು” ಎಂದು ಮಗಳಿಗೆ ಹೇಳಿದೆ. ಅವಳು ಅದನ್ನು ಆ ಹುಡುಗಿಗೆ ಹೇಳಲಿಲ್ಲ.

ಕೆಳಗಿನ ಮನೆಯಲ್ಲಿ ಒಬ್ಬ ಹೆಂಗಸು ಇದ್ದಳು. ಬಾಳೆಹಣ್ಣನ್ನು ಸಕ್ಕರೆ ಹಾಕಿ ಎಣ್ಣೆಯಲ್ಲಿ ಕರಿದು, ಕಡ್ಡಿಗೆ ಚುಚ್ಚಿ, ಬಾಗಿಲ ಮುಂದೆ ಮಾರುವವಳು. ಆರು ಮಕ್ಕಳು. ಒಂದೂ ಹೋಗಿಲ್ಲ, ಎಲ್ಲವೂ ಗುಂಡುಕಲ್ಲಿನ ಹಾಗಿದ್ದವು. ನಾನು ಮೆಟ್ಟಿಲಿಳಿದರೆ ಆ ಮಕ್ಕಳು ಓಡಿಬಂದು ನನ್ನ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುತ್ತಿದ್ದವು. ಜ್ವರವಿದೆಯೇ ನೋಡು ಎನ್ನುತ್ತಿವೆ ಎಂದುಕೊಂಡು ನಾನು ಕತ್ತು ಮುಟ್ಟಿ ನೋಡಿದರೆ ಅವು ಕಿಲಕಿಲ ನಕ್ಕವು. ಹಿರಿಯರ ಆಶೀರ್ವಾದ ಪಡೆಯುವ ರೀತಿ ಅದು ಎಂದು ಆಮೇಲೆ ಮಗಳು ಹೇಳಿದಳು. ಅಂದಿನಿಂದ ಆ ಹೆಂಗಸು ನನಗೆ ನಮ್ಮವಳೇ ಅನಿಸಿಬಿಟ್ಟಳು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮನೆಗೆ ಕೊಟ್ಟರು. ಒಂದು ಅಂಗೈಯಲ್ಲಿ ಹಿಡಿಯುವಷ್ಟು ಕೂಸು. ಮೈಮೇಲೆ ಮಾಂಸವಿಲ್ಲ, ತೊಡೆಯ ಚರ್ಮ ಸುಕ್ಕು. ಮೊಲೆ ಚೀಪುತ್ತಾ ಚೀಪುತ್ತಾ ಸುಸ್ತಾಗಿ ಬಿಟ್ಟುಬಿಡುತ್ತಿತ್ತು. ಒಂದು ಸಲ ತುಟಿ ನೀಲಿಯಾಯಿತೆಂದು ಆಸ್ಪತ್ರೆಗೆ ಓಡಿದೆವು. ಮೂರು ದಿನ ಇಟ್ಟುಕೊಂಡು, ಕಾದು ನೋಡಿ ಎಂದು ಕಳಿಸಿದರು.

ಮಗಳು ಹಾಲು ಕೊಡುವಾಗ ಗೋಡೆ ನೋಡುತ್ತಿದ್ದಳು. ಕೂಸಿನ ಮುಖ ನೋಡುತ್ತಿರಲಿಲ್ಲ.

“ಒಂದ್ಸಲ ನೋಡೇ ಅದನ್ನ. ಕಣ್ಣು ಬಿಟ್ಟೈತೆ.”

“ನೋಡಿದ್ರೆ ಅಂಟ್ಕೊಳ್ತದೆ ಕಣವ್ವ. ಹೆಂಗೂ ಹೋಗೋದು ತಾನೇ.”

“ಬಿಡ್ತು ಅನ್ನು, ಮುಂಡೇದೇ!”

ಅವಳು ಬಿಡ್ತು ಅನ್ನಲಿಲ್ಲ.

ಕೆಳಗಿನ ಮನೆಯ ಹೆಂಗಸು ಆ ದಿನಗಳಲ್ಲಿ ಎಷ್ಟೋ ಸಲ ಮೇಲೆ ಬಂದಳು. ಒಂದು ದಿನ ಮಡಕೆಯಲ್ಲಿ ಕೆಂಡ ತಂದು, ಅದಕ್ಕೆ ಏನೇನೋ ಸೊಪ್ಪು ಹಾಕಿ, ಬಾಣಂತಿಯನ್ನು ಕೂರಿಸಿ ಹೊಗೆ ಕೊಟ್ಟಳು. ನಾನು ಬೆರಗಾಗಿ ನಿಂತೆ. ನಾವು ಮಾಡುವುದೇ ಅದು! ಹಿರಿಯರಿಗೆ ತಲೆಬಾಗುವುದು ಗೊತ್ತು, ಬಾಣಂತಿಗೆ ಹೊಗೆ ಕೊಡುವುದು ಗೊತ್ತು. ಹಾಗಾದರೆ ಉಳಿದದ್ದೂ ಗೊತ್ತಿರುತ್ತದೆ ಎಂದುಕೊಂಡೆ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ನಮ್ಮ ಕಡೆ ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ಮಾರುತ್ತಾರೆ. ಹಣಕ್ಕಲ್ಲ. ಮಕ್ಕಳು ತುಂಬಿದ ತಾಯಿಯೊಬ್ಬಳ ಹೊಸ್ತಿಲಲ್ಲಿ ಕೂಸನ್ನು ಮೊರದಲ್ಲಿ ಮಲಗಿಸಿ, ಅವಳ ಮನೆಯ ಒಂದು ಹಿಡಿ ತೌಡು ಇಸಿದುಕೊಂಡು, ತಿರುಗಿ ನೋಡದೆ ಬಂದುಬಿಡಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳೇ ಕೂಸನ್ನು ಎತ್ತಿಕೊಂಡು ಬಂದು, “ನನ್ನ ಕೂಸು, ನಿಮ್ಮನೇಲಿ ಬೆಳೀಲಿ” ಎಂದು ಒಪ್ಪಿಸುತ್ತಾಳೆ. ಅಲ್ಲಿಂದ ಮುಂದೆ ಹೆತ್ತವರು ಸಾಕುವವರು ಮಾತ್ರ. ಹುಡುಕಿಕೊಂಡು ಬಂದ ಜವರಾಯನಿಗೆ ಈ ಮನೆಯಲ್ಲಿ ಈ ಮನೆಯ ಕೂಸೇ ಸಿಗುವುದಿಲ್ಲ. ಆದರೆ ನಮ್ಮದು ಎಂದು ಬಾಯಿತಪ್ಪಿ ಅಂದರೂ ಮಾರಾಟ ಮುರಿಯುತ್ತದೆ, ಅವನಿಗೆ ನಾವೇ ಮನೆ ತೋರಿಸಿದಂತಾಗುತ್ತದೆ.

ನಾನೂ ಹಾಗೆ ಮಾರಿದ ಕೂಸೇ. ನನಗಿಂತ ಮುಂಚೆ ಅವ್ವನಿಗೆ ಮೂರು ಹೋಗಿದ್ದವು. ನನ್ನನ್ನು ಸಖರಾಯಪಟ್ಟಣದ ಒಬ್ಬಾಕೆಗೆ ಕೊಟ್ಟರು. ನನ್ನ ಮದುವೆಯ ದಿನವೂ ಅವ್ವ ಬೀಗರ ಮುಂದೆ, “ಸಖರಾಯಪಟ್ಟಣದೋರ ಹೆಣ್ಣು, ಚೆನ್ನಾಗಿ ನೋಡ್ಕಳ್ಳಿ” ಎಂದಳು. ಎದೆ ಚುರುಕ್ ಎನ್ನುತ್ತಿತ್ತು. ಆದರೆ ನಾನು ಬದುಕಿದ್ದೆನಲ್ಲ.

ಒಂದು ಬೆಳಿಗ್ಗೆ ಅಳಿಯ ಮೆಸ್ಸಿಗೆ ಹೋಗಿದ್ದ, ಮಗಳಿಗೆ ಆಗತಾನೇ ನಿದ್ದೆ ಹತ್ತಿತ್ತು. ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿ ಕೆಳಗೆ ಒಯ್ದೆ. ಅವರ ಮನೆಯಲ್ಲಿ ಅಕ್ಕಿ ಕೇರುವ ಬಿದಿರಿನ ದುಂಡನೆಯ ಮೊರ ಗೋಡೆಗೆ ಒರಗಿತ್ತು. ತೆಗೆದು ಹೊಸ್ತಿಲ ಮೇಲಿಟ್ಟು, ಕೂಸನ್ನು ಅದರಲ್ಲಿ ಮಲಗಿಸಿದೆ. ಆಕೆ ನಗುತ್ತಾ ಬಂದಳು. ಕೋಳಿಗೆ ಹಾಕುವ ತೌಡಿನ ಡಬ್ಬವನ್ನು ತೋರಿಸಿ ಕೈಯೊಡ್ಡಿದೆ. ಏನೋ ಔಷಧಿಗಿರಬೇಕು ಎಂದು ಅವಳು ಒಂದು ಹಿಡಿ ಕೊಟ್ಟಳು. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಕೂಸಿನ ಕಡೆಗೆ, ಅವಳ ಎದೆಯ ಕಡೆಗೆ ಕೈ ತೋರಿಸಿದೆ. “ನಿನ್ನದು ಕಣವ್ವ ಇನ್ಮೇಲೆ” ಎಂದೆ. ತಿರುಗಿ ನೋಡದೆ ಮೆಟ್ಟಿಲು ಹತ್ತಿದೆ.

ಹಿಂದಿನಿಂದ ಅವಳು ಕೂಗಿದಳು. ಬಂದು ಬಾಗಿಲು ಬಡಿದಳು. ಸಂಜೆಗೆ ಮುಂಚೆ ಬರಬಾರದು, ಇವಳಿಗೇಕೆ ಅವಸರ ಎಂದು ಒಳಗಿನಿಂದ ಚಿಲಕ ಹಾಕಿದೆ. ಸ್ವಲ್ಪ ಹೊತ್ತಿಗೆ ಕೂಗು ನಿಂತಿತು.

ಆ ಬಡಿತಕ್ಕೆ ಮಗಳು ಎದ್ದಿದ್ದಳು. ಹಾಸಿಗೆ ತಡಕಿದಳು.

“ಕೂಸೆಲ್ಲವ್ವಾ?”

“ಕೆಳಗೈತೆ. ಮಾರಿ ಬಂದೀನಿ ಕಣೇ. ಸಂಜೆ ತಂದ್ಕೊಡ್ತಾಳೆ.”

“ಮಾರಿ… ಅವಳಿಗೆ ಇದೆಲ್ಲ ಗೊತ್ತಾ?”

“ಹೆಂಗಸಾದೋಳಿಗೆ ಅದನ್ನೂ ಹೇಳ್ಬೇಕೇನೇ?”

ಬಾಣಂತಿ ಬರಿಗಾಲಿನಲ್ಲಿ ಮೆಟ್ಟಿಲಿಳಿದು ಓಡಿದಳು. ಕೆಳಗೆ ಬಾಣಲೆಯಲ್ಲಿ ಹಣ್ಣು ಸೀಯುತ್ತಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಪರದೇಶದ ಮುದುಕಿಯೊಬ್ಬಳು ಕೂಸನ್ನು ಬಿಸಾಕಿ ಬಾಗಿಲು ಹಾಕಿಕೊಂಡಳು ಎಂದು ಹೆದರಿ, ಅವಳು ಕೂಸನ್ನೆತ್ತಿಕೊಂಡು ವಾರ್ಡಿನ ಆಫೀಸಿಗೆ ಹೋಗಿದ್ದಳೆಂದು ಓಣಿಯವರು ಹೇಳಿದರು. ನಮ್ಮ ಪಂಚಾಯ್ತಿ ಇದ್ದ ಹಾಗೆ ಅದು.

ನಾವು ಹೋದಾಗ ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಕೂಸೂ ಅಳುತ್ತಿತ್ತು, ಬೆಕ್ಕಿನ ಮರಿಯ ಹಾಗೆ. ಮೇಜಿನ ಹಿಂದೆ ಕನ್ನಡಕದ ಹೆಂಗಸು, ನನ್ನದೇ ವಯಸ್ಸು. ಮಗಳು ಆಸ್ಪತ್ರೆಯ ಕಾಗದಗಳನ್ನೆಲ್ಲ ಅವಳ ಮುಂದೆ ಹರಡಿ ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಆಕೆ ಕಾಗದ ನೋಡಿ ಪಕ್ಕಕ್ಕಿಟ್ಟು, ನನ್ನನ್ನೇ ನೋಡಿದಳು.

“ಅವ್ವಾ, ಹೆತ್ತೋಳು ನಾನು ಅಂತ ಒಪ್ಪಿದ್ರು. ಆದ್ರೆ ನೀನಿರೋ ಮನೆಗೆ ಕಳ್ಸೋಕೆ ಹೆದರ್ತಾರೆ. ‘ಈ ಮಗು ನಮ್ಮದು, ಯಾರಿಗೂ ಕೊಡಲ್ಲ’ ಅಂತ ಎಲ್ಲರ ಮುಂದೆ ನೀನೇ ಹೇಳ್ಬೇಕಂತೆ. ಇಲ್ದಿದ್ರೆ ಮಕ್ಕಳನ್ನಿಡೋ ಸರ್ಕಾರದ ಮನೆಗೆ ಹಾಕ್ತಾರಂತೆ.”

“ನೀನೇ ಹೇಳೇ.”

“ಕೊಟ್ಟೋಳು ನೀನು!”

“ಅಂದ್ರೆ ಮುರಿದೋಗುತ್ತೆ ಕಣೇ.”

“ಏನ್ ಮುರಿದೋಗುತ್ತೆ?”

“ಮುಂಚಿನವು ಎರಡೂ ಎಲ್ಲಿಗೆ ಹೋದ್ವು ಹೇಳು. ಇದನ್ನೂ ಅಲ್ಲಿಗೇ ಕಳಿಸ್ಲಾ?”

ಮಗಳ ಕೈ ಮೇಲೆದ್ದಿತು. ಹೊಡೆಯಲಿಲ್ಲ. ಅಷ್ಟರಲ್ಲಿ ಅಳಿಯ ಬಂದ. ಕೈಯೆಲ್ಲ ಹಿಟ್ಟು, ಏಪ್ರನ್ ಕೂಡ ಬಿಚ್ಚಿರಲಿಲ್ಲ. “ಅತ್ತೆ, ನಿಮ್ಮ ಕಾಲಿಗ್ ಬೀಳ್ತೀನಿ. ಒಂದೇ ಒಂದ್ ಮಾತು. ಅಂದ್ಬಿಡಿ” ಎಂದ.

ನಾನು ಬಾಯಿ ಬಿಗಿಹಿಡಿದು ಕೂತೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕೂಸಿನ ಅಳು ಸಣ್ಣಗಾಗುತ್ತಾ ಬಂತು, ಹೊಟ್ಟೆ ತುಂಬಿ ಅಲ್ಲ, ಅಳಲು ಶಕ್ತಿಯಿಲ್ಲದೆ. ಮಗಳ ರವಿಕೆ ಹಾಲಿನಿಂದ ನೆನೆದು ಹೋಗಿತ್ತು. ಅಷ್ಟು ದಿನ ಗೋಡೆ ನೋಡುತ್ತಿದ್ದವಳು ಈಗ ಕಣ್ಣು ಕೀಳದೆ ಕೂಸನ್ನೇ ನೋಡುತ್ತಿದ್ದಳು. ಜವರಾಯ ಬರುವುದು ಯಾವತ್ತೋ ಏನೋ. ಹಾಲಿಲ್ಲದಿದ್ದರೆ ಇದು ನನ್ನ ಕಣ್ಣೆದುರೇ ಹೋಗುತ್ತದೆ ಎನಿಸಿತು.

“ನಮ್ಮದು” ಎಂದೆ. “ಈ ಕೂಸು ನಮ್ಮದು. ಯಾರಿಗೂ ಕೊಡಲ್ಲ.”

ಕನ್ನಡಕದ ಹೆಂಗಸು ಜೋರಾಗಿ ಹೇಳಲಿ ಎಂದಳಂತೆ. ಇನ್ನೊಂದು ಸಲ ಅಂದೆ. ಕಾಗದದ ಮೇಲೆ ಸಹಿ ಹಾಕಿದೆ. ಮಗಳು ಕೂಸನ್ನು ಕಸಿದುಕೊಂಡು ಅಲ್ಲೇ ಮೂಲೆಯಲ್ಲಿ ಹಾಲಿಗೆ ಹಾಕಿಕೊಂಡಳು.

ನಾನು ಸೆರಗಿನ ಗಂಟು ಬಿಚ್ಚಿ ತೌಡನ್ನು ಕೆಳಗಿನ ಮನೆಯವಳ ಮುಂದೆ ಹಿಡಿದೆ. ಮಾತು ಮುರಿದ ಮೇಲೆ ಅವಳದು ಅವಳಿಗೆ ಸೇರಬೇಕಲ್ಲ. ಅವಳಿಗೆ ಅರ್ಥವಾಗದೆ ಮಗಳನ್ನು ಕೇಳಿದಳು. ಮಗಳು ಆಗ ಅಳುತ್ತಲೇ ಎಲ್ಲವನ್ನೂ ಹೇಳಿದಳು, ಹೋದ ಎರಡರದ್ದೂ. ಆಕೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ತೌಡಿನ ಮೇಲೆ ಮುಚ್ಚಿದಳು.

“ವಾಪಸ್ ತಗಳಲ್ವಂತೆ” ಎಂದಳು ಮಗಳು, ನನ್ನ ಮುಖ ನೋಡದೆ.

ಯಾವುದು ನಿಂತಿತು? ನಾನು ಎರಡು ಸಲ ಅಂದ ಮಾತೋ, ಅವಳು ವಾಪಸು ತೆಗೆದುಕೊಳ್ಳದ ತೌಡೋ? ಮೂರು ವರ್ಷದಿಂದ ಫೋನ್ ಬಂದಾಗಲೆಲ್ಲ ಮೊದಲು ಅದೇ ಯೋಚನೆ. ಆಮೇಲೆ ಹಲೋ.

ಮಗಳು ಮತ್ತೆ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಸ್ನಾನ ಮಾಡಿಸುವಾಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಅನ್ನ ಬಡಿಸುತ್ತಾ, “ನೀನು ಊರಿಗೆ ಹೋಗವ್ವ. ವೀಸಾ ಮುಂದಕ್ಕೆ ಹಾಕ್ಸೋದು ಬೇಡ” ಎಂದಳು. ಬಾಣಂತನ ಮುಗಿದಿರಲಿಲ್ಲ, ಖಾರದ ಡಬ್ಬ ಅರ್ಧ ಉಳಿದಿತ್ತು. ಹೊರಟ ದಿನ ಕೂಸಿನ ಪಾದವನ್ನು ದೂರದಿಂದಲೇ ನೋಡಿದೆ.

ಊರಿಗೆ ಬಂದ ಮೇಲೆ ಏಳು ತಿಂಗಳು ಅಳಿಯ ಮಾತ್ರ ಫೋನ್ ಮಾಡುತ್ತಿದ್ದ. ಕೂಸಿನ ತೂಕ ಹೇಳುತ್ತಿದ್ದ, ನಾನು ಕುಣಿಯುತ್ತಿದ್ದೆ. ಮಗಳು ಫೋನಿಗೆ ಬರುತ್ತಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನು ಊರಿನ ಗಿರಣಿಯಲ್ಲಿ ರಾಗಿ ಬೀಸಿಸಲು ನಿಂತಿದ್ದಾಗ ಅವಳ ಫೋನ್ ಬಂತು. ಗಿರಣಿಯ ಸದ್ದಿಗೆ ಕೇಳಿಸದೆ ಹೊರಗೆ ಓಡಿದೆ.

“ಅವ್ವಾ, ಎರಡು ದಿನದಿಂದ ಜ್ವರ. ಡಾಕ್ಟ್ರು ಔಷಧಿ ಕೊಟ್ಟವ್ರೆ. ಇಳೀತಿಲ್ಲ. ಸಂಜೆ ತಂದು ಒಪ್ಪಿಸ್ವಾಗ ಏನೋ ಅನ್ಬೇಕು ಅಂತಿದ್ಯಲ್ಲ. ಅದು ಹೆಂಗೆ?”

ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ಫೋನ್ ಹಿಡಿದುಕೊಂಡೇ ಕೂಸನ್ನೆತ್ತಿಕೊಂಡು ಕೆಳಗಿಳಿದಳು. ಆ ಹೆಂಗಸಿಗೆ ಒಂದೊಂದೇ ಮಾತನ್ನು ಬಾಯಿಗೆ ಕೊಟ್ಟಳು. ಜ್ವರದಲ್ಲಿ ಕೂಸು ಕಿರುಚುತ್ತಿತ್ತು. ಅದರ ನಡುವೆ ಆ ಪರದೇಶದ ನಾಲಿಗೆಯಲ್ಲಿ “ನನ್ನ ಕೂಸು” ಎಂಬುದು ತಡವರಿಸುತ್ತಾ ಹೊರಟಿತು, “ನಿಮ್ಮನೇಲಿ ಬೆಳೀಲಿ” ಎಂಬುದು ಮೂರನೇ ಸಲಕ್ಕೆ ಬಂತು.

“ಹೂಂ” ಎಂದಳು ನನ್ನ ಮಗಳು. “ಸಾಕ್ಕಳ್ತೀನಿ.”

ಜ್ವರ ಮರುದಿನ ಬಿಟ್ಟಿತು. ಅಂದಿನಿಂದ ಮಗಳು ವಾರಕ್ಕೆರಡು ಸಲ ನನ್ನ ಹತ್ತಿರ ಮಾತಾಡುತ್ತಾಳೆ, ನಗುತ್ತಾಳೆ, ಕೂಸನ್ನು ಕುಣಿಸಿ ತೋರಿಸುತ್ತಾಳೆ. ಅದು ಎಡವಿ ಬಿದ್ದರೆ ಓಡಿಹೋಗಿ ಎತ್ತಿಕೊಂಡು ಮುದ್ದಿಸುತ್ತಾಳೆ, ಬಂಗಾರ ಅನ್ನುತ್ತಾಳೆ, ಚಿನ್ನಿ ಅನ್ನುತ್ತಾಳೆ. ಮಗಳೇ ಎಂದು ಕರೆದದ್ದನ್ನು ಮಾತ್ರ ನಾನು ಒಂದು ಸಲವೂ ಕೇಳಿಲ್ಲ.