ಹನೀಫ ಮಿಸ್ತ್ರಿ ಆರಿಸಿದ ಸದ್ದಿಲ್ಲದ ಕಾರ್ಡು

ಕೃಷ್ಣೆಯ ಹಿನ್ನೀರನ್ನು ಮೇಲಿನ ಎರೆ ಹೊಲಗಳಿಗೆ ಎತ್ತಿ ಹಾಕುವ ಒಂದು ಪಂಪ್‌ಹೌಸಿನಲ್ಲಿ ಮಹಮ್ಮದಹನೀಫ ಇಪ್ಪತ್ತೇಳು ವರ್ಷದಿಂದ ಮೆಕ್ಯಾನಿಕ್. ಮನೆ ಬಸವನ ಬಾಗೇವಾಡಿಯಲ್ಲಿ. ಆಲಮಟ್ಟಿ ಕಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವನಿಗೊಂದು ಸೀಟು ಕಾಯಂ. ಸರಕಾರಿ ಕಾಗದದಲ್ಲಿ ಹುದ್ದೆಯ ಹೆಸರು ಏನೇ ಇರಲಿ, ಎಲ್ಲರ ಬಾಯಲ್ಲಿ ಅವನು ಹನೀಫ ಮಿಸ್ತ್ರಿ. ಓದಿದ್ದು ಐಟಿಐ. ಕೆಲಸವನ್ನು ಕೈಯಿಂದ ಮಾಡಿದ್ದಕ್ಕಿಂತ ಕಿವಿಯಿಂದ ಮಾಡಿದ್ದೇ ಹೆಚ್ಚು.

ಡ್ಯೂಟಿಗೆ ಬಂದ ಕೂಡಲೇ ಅವನು ಒಂದು ಮೊಳ ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ಪಂಪಿನಿಂದ ಪಂಪಿಗೆ ಹೋಗುತ್ತಿದ್ದ. ಅದರ ಮೊನೆಯನ್ನು ಬೇರಿಂಗಿನ ಕವಚಕ್ಕೆ ಆನಿಸಿ, ಹಿಡಿಕೆಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಮ್ಮೆ ಹೊಸದಾಗಿ ಬಂದ ಇಂಜಿನಿಯರು ಬೇಡವೆಂದರೂ ಹನೀಫ ಮೂರನೆಯ ಪಂಪನ್ನು ನಿಲ್ಲಿಸಿಬಿಟ್ಟ. ಬಿಚ್ಚಿ ನೋಡಿದರೆ ಬೇರಿಂಗಿನ ಒಂದು ಗುಂಡು ಸೀಳಿತ್ತು. ಆ ಇಂಜಿನಿಯರು ವರ್ಗವಾಗಿ ಹೋಗುವ ದಿನ, ಇವನ ಕಿವಿ ಇರುವತನಕ ಇಲ್ಲಿ ಬೇರೆ ಮೀಟರು ಬೇಡ ಎಂದು ಎಲ್ಲರೆದುರು ಹೇಳಿದ್ದ. ಹನೀಫ ಆ ಮಾತನ್ನು ಮನೆಯಲ್ಲಿ ಒಂದೇ ಸಲ ಹೇಳಿದ. ಆದರೆ ಹೆಂಡತಿ ಸಗೀರಾಳಿಗೆ ಅವನು ಅದನ್ನು ಮರೆತಿಲ್ಲವೆಂದು ಗೊತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ಇರಮ. ಸಿವಿಲ್ ಡಿಪ್ಲೊಮಾ ಮುಗಿಸಿ, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಮನೆ ಕಟ್ಟಿಸುವವರಿಗೆ ಅದರ ಮುಂಭಾಗದ ಚಿತ್ರ ಮಾಡಿಕೊಡುತ್ತಿದ್ದಳು. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ಜನ ಮೊಬೈಲಿನಲ್ಲಿ ಜಾಗದ ಅಳತೆ ಕಳಿಸುತ್ತಿದ್ದರು. ಯಂಕಂಚಿಯ ರೈತನೊಬ್ಬ ಎರಡು ದುಂಡುಗಂಬ, ಮೇಲೊಂದು ಕಮಲ ಬೇಕೆಂದು ಹಟ ಹಿಡಿದು ನಾಲ್ಕು ಸಲ ಚಿತ್ರ ಬದಲಿಸಿದ್ದ. ಇಟ್ಟಿಗೆ, ಬಣ್ಣ, ಬಿಸಿಲು, ನೆರಳು ಎಲ್ಲ ನಿಜದ ಹಾಗೆ ಕಾಣಬೇಕಾದರೆ ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು ತಾಸುಗಟ್ಟಲೆ ದುಡಿಯಬೇಕು. ಇರಮಳ ಕಾರ್ಡು ಹಳೆಯದು. ಕೆಲಸ ಶುರುವಾದರೆ ಅದರ ಎರಡು ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿದ್ದವು, ಅರ್ಧಕ್ಕೇ ಪರದೆ ಕಪ್ಪಾಗುತ್ತಿತ್ತು.

ಹೋದ ವರ್ಷದ ಜೂನ್ ತಿಂಗಳು. ಹೊಳೆಗೆ ಇನ್ನೂ ಹೊಸ ನೀರು ಬಂದಿರಲಿಲ್ಲ, ಪಂಪುಗಳು ನಿಂತಿದ್ದವು. ಹನೀಫ ಮನೆಯಲ್ಲೇ ಹೆಚ್ಚು ಇರುತ್ತಿದ್ದ. ಆಗಲೇ ಅವನು ಆ ಸದ್ದನ್ನು ಮೊದಲು ಗುರುತು ಹಿಡಿದದ್ದು.

ಫ್ಯಾನಿನ ಗದ್ದಲ ಎಲ್ಲರಿಗೂ ಕೇಳುತ್ತಿತ್ತು. ಅದರ ಕೆಳಗೆ ಇನ್ನೊಂದಿದೆ ಎಂದು ಹನೀಫ ಹೇಳಿದ. ಸೂಜಿಯಷ್ಟು ತೆಳ್ಳಗೆ, ಬಿಡುವಿಲ್ಲದ ಸಿಳ್ಳು. ಇರಮ ಕಿವಿಗೊಟ್ಟು ಕೇಳಿದಳು. ಅವಳಿಗೆ ಏನೂ ತಿಳಿಯಲಿಲ್ಲ. ಅಬ್ಬಾನ ಕಿವಿ ಎಂಥದೆಂದು ಗೊತ್ತಿದ್ದವಳು ತನ್ನ ಕಿವಿಯದೇ ತಪ್ಪೆಂದುಕೊಂಡಳು. ಹೇಗೂ ಹೊಸ ಕಾರ್ಡು ತೆಗೆದುಕೊಳ್ಳಬೇಕಿತ್ತು. ಸದ್ದಿಲ್ಲದ್ದನ್ನೇ ತರೋಣ, ಆರಿಸುವುದು ನನಗೆ ಬಿಡು ಎಂದ ಹನೀಫ.

ಮೊದಲು ಇಂಡಿಗೆ ಹೋದರು. ಅಲ್ಲಿ ಶಾನವಾಜ ಎಂಬವನು ಮದುವೆ ವಿಡಿಯೊ ಸ್ಟುಡಿಯೊ ಮುಚ್ಚಿ ಸಾಮಾನು ಮಾರುತ್ತಿದ್ದ. ಅವನ ಬಳಿ ಒಳ್ಳೆಯ ಶಕ್ತಿಯ ಕಾರ್ಡು ಇತ್ತು. ಹನೀಫ ಚೀಲದಿಂದ ಸ್ಕ್ರೂಡ್ರೈವರ್ ತೆಗೆದಾಗ ಶಾನವಾಜನಿಗೆ ನಗು ಬಂತು. ಫ್ಯಾನಿನ ಬುಡಕ್ಕೆ ಮೊನೆ ಆನಿಸಿ ಒಂದು ನಿಮಿಷ ನಿಂತ ಹನೀಫ, ಎಡಗಡೆಯ ಫ್ಯಾನಿನ ಬುಶ್ ಸವೆದಿದೆ, ಆರು ತಿಂಗಳೂ ಬರುವುದಿಲ್ಲ ಎಂದ. ಶಾನವಾಜ ಬೆರಳಿನಿಂದ ಅಲುಗಿಸಿ ನೋಡಿದ. ಫ್ಯಾನು ಅಲುಗಿತು. ಅವನ ನಗು ಅಲ್ಲಿಗೇ ನಿಂತಿತು. ಬಸ್ಸಿನಲ್ಲಿ ಮರಳುವಾಗ ಹನೀಫ ಖುಷಿಯಲ್ಲಿದ್ದ. ಒಂದು ಮಾತನ್ನು ಮಾತ್ರ ಮಗಳಿಗೆ ಹೇಳಲಿಲ್ಲ: ಆ ಕಾರ್ಡಿನಲ್ಲೂ ಅದೇ ಸಿಳ್ಳು ಇತ್ತು.

ಮರುವಾರ ಮುದ್ದೇಬಿಹಾಳಕ್ಕೆ ಹೋದರು. ಕಂಪ್ಯೂಟರ್ ಅಂಗಡಿಯ ಅಮಿತ ತಾಳ್ಮೆಯ ಮನುಷ್ಯ, ಬಿಡಿಸಿ ಹೇಳಿದ. ಫ್ಯಾನೇ ಇಲ್ಲದ ಕಾರ್ಡುಗಳೂ ಬರುತ್ತವೆ, ಆದರೆ ಅವು ಈ ಕೆಲಸಕ್ಕೆ ಬಡಕಲು. ಶಾಖ ಹೀರುವ ಲೋಹದ ರೆಕ್ಕೆಗಳು ದೊಡ್ಡವಿದ್ದು, ಮೂರು ಫ್ಯಾನು ನಿಧಾನ ತಿರುಗುವಂಥದ್ದು ಮೇಲು. ಬಿಸಿ ಏರದಿದ್ದರೆ ಅವು ತಿರುಗುವುದೇ ಇಲ್ಲ. ವಿದ್ಯುತ್ ಕಡಿಮೆ ಕುಡಿಯುವ ಕಾರ್ಡು ಸದ್ದೂ ಕಡಿಮೆ ಮಾಡುತ್ತದೆ. ಸಿಳ್ಳಿನ ಮಾತು ಬಂದಾಗ ಅವನು ತಲೆಯಾಡಿಸಿದ. ಅದು ಫ್ಯಾನಿನದಲ್ಲ, ಒಳಗಿನ ತಂತಿ ಸುತ್ತಿದ ಕಾಯಿಲ್ ಕಂಪಿಸಿ ಆಗುವುದು, ಒಂದೇ ಕಂಪನಿಯ ಎರಡು ಕಾರ್ಡಿನಲ್ಲಿ ಒಂದಕ್ಕಿದ್ದರೆ ಇನ್ನೊಂದಕ್ಕೆ ಇರುವುದಿಲ್ಲ, ಕೇಳಿಯೇ ಆರಿಸಬೇಕು ಎಂದ.

ಹನೀಫನ ಎದೆ ಹಗುರಾಯಿತು. ಸದ್ದಿಗೊಂದು ಹೆಸರು ಸಿಕ್ಕಿತ್ತಲ್ಲ.

ಇರಮ ತಂದಿದ್ದ ಚಿತ್ರವನ್ನೇ ಹಾಕಿ, ಕಂಪ್ಯೂಟರ್ ಡಬ್ಬಿಯ ಬಾಗಿಲು ತೆರೆದಿಟ್ಟು, ಅಮಿತ ಒಂದೊಂದೇ ಕಾರ್ಡು ಓಡಿಸಿ ತೋರಿಸಿದ. ಮೊದಲನೆಯದರಲ್ಲಿ ಸಿಳ್ಳು ಇದೆ ಎಂದ ಹನೀಫ. ಎರಡನೆಯದರಲ್ಲೂ ಇದೆ ಎಂದ. ಅಮಿತ ತಾನೂ ಬಾಗಿ ಕೇಳಿದ, ಹುಬ್ಬು ಗಂಟಿಕ್ಕಿದ, ಆದರೆ ಗಿರಾಕಿಯ ಜತೆ ವಾದಕ್ಕೆ ಇಳಿಯಲಿಲ್ಲ. ಮೂರನೆಯದನ್ನು ಹಚ್ಚಿದಾಗ ಅಂಗಡಿಯ ಮುಂದೆ ಎರಡು ಟ್ರೇಲರಿನ ಟ್ರ್ಯಾಕ್ಟರೊಂದು ದಾರಿ ಸಿಗದೆ ಗುಡುಗುಡು ಎನ್ನುತ್ತ ನಿಂತಿತ್ತು. ಹನೀಫ ಬಹಳ ಹೊತ್ತು ಕೇಳಿದ. ಇದರಲ್ಲಿ ಇಲ್ಲ, ಇದನ್ನೇ ಕೊಡ್ರಿ ಎಂದ.

ಕಾರ್ಡು ಒಳ್ಳೆಯದೇ ಆಗಿತ್ತು. ಮನೆಯಲ್ಲಿ ಹಚ್ಚಿದ ದಿನ ಮುಂದಿನ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಅಡುಗೆಮನೆಯ ಕುಕ್ಕರಿನ ಉಸಿರು ಕೂಡ ಕೇಳುತ್ತಿತ್ತು. ಸಗೀರಾ ಬಾಗಿಲಿಗೆ ಬಂದು, ಇದು ಚಾಲೂ ಇದೆಯೋ ಇಲ್ಲವೋ ಎಂದು ಕೇಳಿದಳು. ಹನೀಫ ಕುರ್ಚಿಯಲ್ಲಿ ಕುಳಿತೇ ಇದ್ದ. ಫ್ಯಾನಿನ ಗದ್ದಲ ಹೋದ ಮೇಲೆ ಸಿಳ್ಳು ಸ್ವಚ್ಛವಾಗಿ, ಮೊದಲಿಗಿಂತ ಹತ್ತಿರದಲ್ಲಿ ಕೇಳುತ್ತಿತ್ತು.

ಸಿಳ್ಳು ಇನ್ನೂ ಇದೆಯೆಂದು ಅವನು ಹೇಳಿದ್ದಕ್ಕೆ ಇರಮ ಕಾರ್ಡು ಎಳೆಯುವ ವಿದ್ಯುತ್ತಿಗೆ ಮಿತಿ ಹಾಕಿದಳು. ಅವನು ಸ್ಕ್ರೂಗಳಿಗೆ ರಬ್ಬರಿನ ಬಿಲ್ಲೆ ಹಾಕಿದ, ಡಬ್ಬಿಯ ಕೆಳಗೆ ಹಳೆಯ ಚಾಪೆಯ ತುಂಡು ಇಟ್ಟ. ಅದೇ ದಿನಗಳಲ್ಲಿ ಅವನ ಮೊಬೈಲೂ ಕೆಟ್ಟಿತು. ಎದುರಿನವರ ಮಾತು ಒಡೆದೊಡೆದು ಬರುತ್ತಿತ್ತು. ಬಾಗೇವಾಡಿಯ ಅಂಗಡಿಯಲ್ಲಿ ಅದರ ಸ್ಪೀಕರ್ ಬದಲಿಸಿದರು. ಎರಡು ದಿನದ ಮೇಲೆ ಮತ್ತೆ ಹಾಗೇ ಆಯಿತೆಂದು ಹೋದಾಗ, ಅಂಗಡಿಯವನು ತನ್ನ ಕಿವಿಗಿಟ್ಟು ನೋಡಿ, ಚೊಲೋ ಐತಲ್ರಿ ಎಂದು ವಾಪಸು ಕೊಟ್ಟ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಯಿತು. ಓಣಿಯ ಗಿರಣಿ ನಿಂತಿತು, ಫ್ರಿಜ್ಜು ನಿಂತಿತು, ಮೇಲಿನ ಫ್ಯಾನು ಸುತ್ತು ಕಡಿಮೆ ಮಾಡುತ್ತ ನಿಂತಿತು. ಹನೀಫ ಕೈಯಲ್ಲಿ ರೊಟ್ಟಿಯ ತುಂಡು ಹಿಡಿದವನು ಬಾಯಿಗೆ ಇಟ್ಟುಕೊಳ್ಳಲಿಲ್ಲ.

"ಅದನ್ನ ಬಂದ್ ಮಾಡ ಇರಮಾ," ಎಂದ.

"ಕರೆಂಟ್ ಹೋಗೇತಿ ಅಬ್ಬಾ. ಬಂದ್ ಆಗೇತಿ."

"ಇನ್ನೂ ಆಗಾಕತ್ತೈತಲ್ಲ."

ಇರಮ ಪರದೆ ನೋಡಿದಳು, ಕಪ್ಪಾಗಿತ್ತು. ಯುಪಿಎಸ್ ಇರಬಹುದೆಂದು ಎದ್ದು ಹೋಗಿ ಅದರ ಗುಂಡಿ ಒತ್ತಿದಳು, ಪ್ಲಗ್ಗನ್ನೂ ಕಿತ್ತಳು. ಈಗ ಆ ಕೋಣೆಯಲ್ಲಿ ಸದ್ದು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅವಳು ಪ್ಲಗ್ಗು ಕೈಯಲ್ಲಿ ಹಿಡಿದೇ ತಿರುಗಿ, "ಈಗ?" ಎಂದು ಕೇಳಿದಳು.

ಹನೀಫ ಮಗಳ ಮುಖ ನೋಡಿದ. ಅವಳ ಹಿಂದೆ ಸಗೀರಾ ನಿಂತಿದ್ದಳು.

"ಈಗ ಹೋತು," ಎಂದು ರೊಟ್ಟಿ ಬಾಯಿಗಿಟ್ಟ.

ಅವತ್ತಿನಿಂದ ಅವನು ಕಾರ್ಡಿನ ಸುದ್ದಿ ಎತ್ತಲಿಲ್ಲ. ಮನೆಯವರು ಸದ್ದು ಹೋಯಿತೆಂದೇ ನಂಬಿದರು. ಅವನು ಒಬ್ಬನೇ ಇದ್ದಾಗ ಎಡಗಿವಿ ಮುಚ್ಚಿ ನೋಡುತ್ತಿದ್ದ. ಮುಚ್ಚಿದರೆ ಓಣಿ, ಮನೆ, ಅಜಾನು ಎಲ್ಲ ದೂರ ಸರಿದು ಸಿಳ್ಳೊಂದೇ ಉಳಿಯುತ್ತಿತ್ತು. ಬಲಗಿವಿ ಮುಚ್ಚಿದರೆ ಏನೂ ಬದಲಾಗುತ್ತಿರಲಿಲ್ಲ. ಯಂತ್ರವಾಗಿದ್ದರೆ ಇಷ್ಟು ಹೊತ್ತಿಗೆ ದೋಷ ಯಾವ ಕಡೆ ಇದೆಯೆಂದು ಬರೆದು ಸಹಿ ಹಾಕಿರುತ್ತಿದ್ದ. ನಮಾಜಿಗೆ ಮುನ್ನ ಕೈಕಾಲು ತೊಳೆದು ವುಜೂ ಮಾಡಿ ಏಳುವಾಗ ಒಂದೆರಡು ಸಲ ಬಲಕ್ಕೆ ವಾಲಿ ಗೋಡೆ ಹಿಡಿದ. ಬಿಸಿಲಿನ ಝಳ ಎಂದು ತನಗೆ ತಾನೇ ಹೇಳಿಕೊಂಡ, ಹೊರಗೆ ಮೋಡ ಕವಿದಿದ್ದರೂ.

ಜುಲೈ ಕೊನೆಗೆ ಹೊಳೆ ತುಂಬಿತು, ಪಂಪುಗಳು ಶುರುವಾದವು. ಪಂಪ್‌ಹೌಸಿನ ಭೋರ್ಗರೆತದಲ್ಲಿ ಸಿಳ್ಳು ಮುಳುಗಿಹೋಗುತ್ತಿತ್ತು. ಹನೀಫನಿಗೆ ಅಲ್ಲಿರುವುದೇ ಹಾಯೆನಿಸಿತು. ಬೇರಿಂಗಿಗೆ ಸ್ಕ್ರೂಡ್ರೈವರ್ ಆನಿಸಿದಾಗ ಮಾತ್ರ ಅದು ಮತ್ತೆ ಬರುತ್ತಿತ್ತು. ಪ್ರತಿ ಪಂಪಿನಲ್ಲೂ ಅದೇ ಬಂದದ್ದರಿಂದ ಅವನು ಅದನ್ನು ಲೆಕ್ಕದಿಂದ ಬಿಡುವುದನ್ನು ಕಲಿತ. ಇದು ನನ್ನದು, ಉಳಿದದ್ದು ಪಂಪಿನದು ಎಂದು ಬೇರೆ ಮಾಡಿ ಕೇಳುತ್ತಿದ್ದ.

ಆಗಸ್ಟಿನ ಒಂದು ಬೆಳಿಗ್ಗೆ ಎರಡನೆಯ ಪಂಪಿನ ಬಳಿ ಸಿಳ್ಳು ಸ್ವಲ್ಪ ದಪ್ಪವಾಗಿ ಕೇಳಿಸಿತು. ಹನೀಫ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದ. ಹಿಂದಿನ ದಿನ ಸರಿಯಾಗಿ ನಿದ್ದೆ ಆಗಿರಲಿಲ್ಲ, ಅದಕ್ಕೇ ಇಂದು ನನ್ನದು ಜೋರಾಗಿದೆ ಎಂದುಕೊಂಡ. ನೋಂದಣಿ ಪುಸ್ತಕದಲ್ಲಿ ನಾಲ್ಕೂ ಪಂಪು ಸರಿ ಎಂದು ಬರೆದ.

ಹನ್ನೊಂದು ಗಂಟೆಗೆ ಎರಡನೆಯ ಪಂಪಿನ ಬೇರಿಂಗು ತಿರುಗದೆ ಹಿಡಿದುಕೊಂಡಿತು. ಮೋಟಾರಿನ ರಭಸಕ್ಕೆ ಅದನ್ನು ಪಂಪಿಗೆ ಜೋಡಿಸಿದ ಬೋಲ್ಟುಗಳು ಕತ್ತರಿಸಿಹೋದವು. ಒಂದು ಬೋಲ್ಟು ಹಾರಿ, ಕಿಟಕಿಯ ಬಳಿಯ ಪ್ಲಾಸ್ಟಿಕ್ ಕುರ್ಚಿಯ ಬೆನ್ನನ್ನು ತೂರಿ ಗೋಡೆಗೆ ಹೊಕ್ಕಿತು. ಆ ಕುರ್ಚಿ ಆಪರೇಟರ್ ಭೀಮುವಿನದು. ಹನೀಫನ ಜೊತೆ ಹದಿನೆಂಟು ವರ್ಷ ದುಡಿದವನು, ನೀರು ಕುಡಿಯಲೆಂದು ಆಗಷ್ಟೇ ಎದ್ದು ಹೋಗಿದ್ದ. ಪಂಪು ನಿಲ್ಲಿಸಿ ಎಲ್ಲರೂ ಓಡಿ ಬಂದ ಮೇಲೆ ಭೀಮು ಆ ಕುರ್ಚಿಯ ತೂತಿನೊಳಗೆ ಎರಡು ಬೆರಳು ಹಾಕಿ ನಿಂತಿದ್ದ.

ಬೇರಿಂಗು ಹೀಗೆ ಒಮ್ಮೆಲೇ ಹೋಗುವುದೂ ಉಂಟೆಂದು ಅಧಿಕಾರಿ ಬರೆದುಕೊಂಡ. ಹನೀಫನನ್ನು ಯಾರೂ ತಪ್ಪಿತಸ್ಥನೆನ್ನಲಿಲ್ಲ. ಭೀಮು ಒಬ್ಬನೇ ಹತ್ತಿರ ಬಂದು, ಮೆಲ್ಲಗೆ ಕೇಳಿದ.

"ಮಿಸ್ತ್ರಿ, ಮುಂಜಾನೆ ನಿಮಗ ಏನೂ ಕೇಳಸಲಿಲ್ಲೇನ್ರಿ?"

ಹನೀಫ ಚೀಲ ತೆಗೆದುಕೊಂಡು ಅರ್ಧ ದಿನಕ್ಕೇ ಮನೆಗೆ ಬಂದ. ಸಗೀರಾ ಅಂಗಳದಲ್ಲಿ ಕಾಳು ಆರಿಸುತ್ತಿದ್ದಳು. ಅವಳೆದುರು ಕಟ್ಟೆಯ ಮೇಲೆ ಕುಳಿತು, ಜೂನ್ ತಿಂಗಳಿನಿಂದ ಹೇಳದೆ ಇದ್ದದ್ದನ್ನೆಲ್ಲ ಹೇಳಿದ. ಕಡೆಗೆ ಅವನ ದನಿ ಇಳಿಯಿತು.

"ಕೇಳಿಸಿತ್ತು ಸಗೀರಾ. ಬೇರಿಂಗ್ ಒದರಿದ್ದು ನನಗ ಕೇಳಿಸಿತ್ತು. ಅದು ನಂದ ಅಂತ ತಿಳಕೊಂಡ ಬಿಟ್ಟೆ."

ವಿಜಯಪುರದ ಕಿವಿ ಡಾಕ್ಟರು ಎರಡು ಕಿವಿಗೂ ಬೇರೆ ಬೇರೆ ಸದ್ದು ಕೇಳಿಸಿ, ಎಷ್ಟು ಕೇಳುತ್ತದೆಂದು ಕಾಗದದ ಮೇಲೆ ಗೆರೆ ಎಳೆದರು. ಎಡಗಿವಿಯ ಗೆರೆ ನೆಟ್ಟಗೆ ಹೋಗಿತ್ತು, ಬಲಗಿವಿಯದು ನಡುವಿನಿಂದ ಕುಸಿದಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿ, ತಲೆಯ ಸ್ಕ್ಯಾನ್ ಮಾಡಿಸಿರೆಂದು ಬರೆದರು. ಸ್ಕ್ಯಾನಿನ ಕೊಳವೆಯೊಳಗೆ ಅರ್ಧ ತಾಸು ಬಡಿತ, ಕುಟ್ಟುವಿಕೆ, ಕೂಗು. ಹನೀಫ ಅಭ್ಯಾಸಬಲದಿಂದ ಯಾವುದು ಮೋಟಾರು, ಯಾವುದು ಪಂಪು ಎಂದು ಬಿಡಿಸಲು ನೋಡಿದ, ಆಗಲಿಲ್ಲ.

ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಹೆಸರುಕಾಳಿನಷ್ಟು ಗಂಟು ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ನಿಧಾನ ಬೆಳೆಯುವಂಥದ್ದು, ಕೆಲವರಿಗೆ ಬೆಳೆಯದೆ ಹಾಗೇ ಇರುತ್ತದೆ ಎಂದರು ಡಾಕ್ಟರು. ಆದರೆ ಮುಖ ಅಲುಗಿಸುವ ನರ ಅದಕ್ಕೆ ಅಂಟಿಕೊಂಡೇ ಹೋಗುತ್ತದೆ, ಗಂಟು ಒತ್ತಿದರೆ ಮುಖ ವಾಲಬಹುದು, ಆ ಕಿವಿಯ ಕೇಳುವ ಶಕ್ತಿ ಮರಳುವುದಿಲ್ಲ. ಆರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿ ತೀರ್ಮಾನಿಸೋಣ ಎಂದರು.

ಹನೀಫ ತಾನೇ ಹೋಗಿ ಅಧಿಕಾರಿಗೆ ಎಲ್ಲ ತಿಳಿಸಿದ. ಪಂಪು ಪರೀಕ್ಷಿಸುವ ಕೆಲಸ ಬೇರೆಯವರಿಗೆ ಹೋಯಿತು, ಅವನಿಗೆ ಸ್ಟೋರಿನ ಸಾಮಾನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಭೀಮು ಊಟದ ಹೊತ್ತಿಗೆ ಸ್ಟೋರಿಗೆ ಬರುತ್ತಿದ್ದ. ಯಾವತ್ತೂ ಹನೀಫನ ಎಡಕ್ಕೇ ಕುಳಿತುಕೊಳ್ಳುತ್ತಿದ್ದ. ಹಾಗೆ ಕೂಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಇರಮ ಎಷ್ಟೋ ಸಲ ಕೆಲಸದ ನಡುವೆ ತಿರುಗಿ ಅಬ್ಬಾನ ಮುಖ ನೋಡುತ್ತಿದ್ದಳು. ಚಹಾ ಕುಡಿಯುವಾಗ ತುಟಿಯ ಬಲತುದಿ ನೆಟ್ಟಗಿದೆಯೇ, ಎರಡೂ ಕಣ್ಣು ಒಂದೇ ಸಲ ಮುಚ್ಚುತ್ತವೆಯೇ ಎಂದು. ಅವಳು ನೋಡುತ್ತಿದ್ದಾಳೆಂದು ಅವನಿಗೂ ಗೊತ್ತಿತ್ತು. ಅವನು ಕನ್ನಡಿ ನೋಡುವುದನ್ನು ಬಿಟ್ಟಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಎರಡನೆಯ ಸ್ಕ್ಯಾನ್ ಆಯಿತು. ಡಾಕ್ಟರು ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿದರು. ಗಂಟು ಕಡಲೆಕಾಳಿನಷ್ಟಾಗಿತ್ತು. ಇನ್ನು ಕಾಯುವುದು ಬೇಡ, ರಮಜಾನ್ ಮುಗಿದ ಮೇಲೆ ಬೆಳಗಾವಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳಿ ಎಂದು ಚೀಟಿ ಕೊಟ್ಟರು. ಸಗೀರಾ ಮುಖದ ನರದ ಬಗ್ಗೆ ಕೇಳಿದಳು, ಎಷ್ಟು ದಿನ ಆಸ್ಪತ್ರೆಯಲ್ಲಿ ಇರಬೇಕೆಂದು ಕೇಳಿದಳು. ಹನೀಫ ಒಂದನ್ನೇ ಕೇಳಿದ: ಗಂಟು ತೆಗೆದ ಮೇಲೆ ಸದ್ದು ನಿಲ್ಲುತ್ತದೆಯೇ?

ಖಾತ್ರಿ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಕೆಲವರಿಗೆ ನರವನ್ನೇ ಕತ್ತರಿಸಿದರೂ ಅದು ಹಾಗೇ ಉಳಿಯುತ್ತದೆ.

ಬಾಗೇವಾಡಿಯ ಬಸ್ಸಿನಲ್ಲಿ ನೂಕುನುಗ್ಗಲು. ಸಗೀರಾ ಮೊದಲು ಹತ್ತಿ ಕಿಟಕಿಯ ಬಳಿ ಜಾಗ ಹಿಡಿದಳು. ಹನೀಫ ಪಕ್ಕದಲ್ಲಿ ಕುಳಿತ ಮೇಲೆ ಅವಳು ತನ್ನ ಬಲಕ್ಕಿದ್ದಾಳೆಂಬುದು ಅವನ ಗಮನಕ್ಕೆ ಬಂತು, ಆದರೆ ಅಷ್ಟರಲ್ಲಿ ನಡುದಾರಿ ತುಂಬಿಹೋಗಿತ್ತು, ಏಳಲಾಗಲಿಲ್ಲ. ಊರು ದಾಟುತ್ತಿದ್ದಂತೆ ಸಗೀರಾ ಹೊರಗೆ ನೋಡುತ್ತಲೇ ಮಾತಾಡತೊಡಗಿದಳು. ಕಿಟಕಿಯ ಗಾಜಿನಲ್ಲಿ ಅವಳ ತುಟಿ ಅಲುಗುವುದು ಅವನಿಗೆ ಕಾಣುತ್ತಿತ್ತು. ನಡುವೆ ಒಮ್ಮೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಮುಂದುವರಿಸಿದಳು. ಇನ್ನೊಮ್ಮೆ ಹೇಳು ಎಂದು ಕೇಳಲು ಹನೀಫನಿಗೆ ಧೈರ್ಯವಾಗಲಿಲ್ಲ. ಅವಳು ನಿಲ್ಲಿಸುವತನಕ ಹೂಂ ಎನ್ನುತ್ತ ತಲೆಯಾಡಿಸುತ್ತಲೇ ಇದ್ದ.