ಒಂದರಿಂದ ಐದರೊಳಗೆ ಅರ್ಲೀನ್

ಬ್ರಾಂಕ್ಸ್‌ನ ನಮ್ಮ ಕಟ್ಟಡಕ್ಕೆ ವಿಶ್ವವಿದ್ಯಾಲಯದವರು ಬರುವುದು ಹೊಸದಲ್ಲ. ಕಾಂಬೋಡಿಯಾದಿಂದ ಓಡಿಬಂದ ನಮ್ಮ ಮೇಲೆ ಯಾರಾದರೊಬ್ಬರು ಸದಾ ಪ್ರಬಂಧ ಬರೆಯುತ್ತಿರುತ್ತಾರೆ. ನಾಲ್ಕನೇ ಮಹಡಿಯ ಚಾಂತೂ ಚಿಕ್ಕಮ್ಮನನ್ನು ಏಳು ಜನ ಮಾತಾಡಿಸಿದ್ದರು. ಯಾರು ಸತ್ತರು, ಗಡಿ ಹೇಗೆ ದಾಟಿದಿರಿ, ಇಷ್ಟೇ ಪ್ರಶ್ನೆ. ಏಳು ಸಲವೂ ಅವಳು ಅತ್ತಿದ್ದಳು.

ಎಂಟನೆಯವಳು ನಡೀನ್, ಎಳೆಯ ಪ್ರೊಫೆಸರು. ಅವಳ ಇಂಗ್ಲಿಷನ್ನು ನಮ್ಮ ಭಾಷೆಗೆ ಅನುವಾದಿಸಿ ಹೇಳಲು ನಾನು ಪಕ್ಕದಲ್ಲಿ ಕೂತಿದ್ದೆ.

"ಕಪ್ಪು ಜನಾಂಗದ ನೆರೆಯವರ ಮೇಲೆ ನಿಮಗೆ ನಂಬಿಕೆ ಎಷ್ಟು? ಒಂದರಿಂದ ಐದರೊಳಗೆ ಹೇಳಿ."

"ನೆರೆಯವರು ಅಂದ್ರೆ ಅರ್ಲೀನ್," ಎಂದಳು ಚಿಕ್ಕಮ್ಮ. "ಮೀನಿನ ವಾಸನೆ ಅಂತ ದಿನಾ ಜಗಳಕ್ಕೆ ಬರ್ತಾಳೆ. ನಮ್ಮನೆ ಬೀಗದ ಕೈ ಇರೋದೂ ಅವಳ ಹತ್ರಾನೇ. ಇದಕ್ಕೆ ಎಷ್ಟು?"

"ಒಂದು ಸಂಖ್ಯೆ ಹೇಳಿದ್ರೆ ಸಾಕು."

ಚಿಕ್ಕಮ್ಮ ಎದ್ದು ಪೊರಕೆ ಹಿಡಿಯಿಂದ ಗೋಡೆ ಕುಟ್ಟಿದಳು. ಪಕ್ಕದ ಮನೆಯಿಂದ ಅರ್ಲೀನ್ ಬಂದಳು, ಅರ್ಧ ತಲೆ ಬಾಚಿಕೊಂಡು.

"ನಂಬಿಕೇಲಿ ನಿಂಗೆ ಐದಕ್ಕೆ ಮೂರು ಕೊಡೋಣ ಅಂತಿದೀನಿ ಕಣೇ," ಎಂದಳು ಚಿಕ್ಕಮ್ಮ, ತನ್ನ ಹರಕು ಇಂಗ್ಲಿಷಿನಲ್ಲಿ.

"ಮೂರಾ? ಹೀಟರ್ ಕೆಟ್ಟು ಮನೆ ತುಂಬ ಇಲಿ ಆದ ವರ್ಷ ಕಟ್ಟಡದ ಮಾಲೀಕನ ವಿರುದ್ಧ ಕೋರ್ಟಲ್ಲಿ ನಿನ್ನ ಪರ ಮಾತಾಡಿದ್ದು ಯಾರೇ?"

"ಮಾತಾಡಿದ್ದು ನೀನು. ಸಾಕ್ಷಿಗೆ ಆರು ಇಲಿ ಹಿಡಿದು ತಂದಿದ್ದು ನಾನು."

"ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ತಂದೆ, ಅದನ್ನೂ ಹೇಳು. ಜಡ್ಜು ಮೇಜು ಹತ್ತಿದ್ದನ್ನ ಹೇಳು."

ಇಬ್ಬರಿಗೂ ನಗು ಉಕ್ಕಿತು. ಅರ್ಲೀನ್ ಸೋಫಾದ ಮೇಲೆ ಉರುಳಿದಳು. ನಡೀನ್ ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಪ್ರಶ್ನಾವಳಿ ಅಲ್ಲಿಗೇ ನಿಂತಿತು.

ವಸಂತದಲ್ಲಿ ನಡೀನ್ ಇಬ್ಬರನ್ನೂ ವಿಶ್ವವಿದ್ಯಾಲಯದ ಒಂದು ಸಭೆಯಲ್ಲಿ ಮಾತಾಡಲು ಕರೆದಳು; ಅನುವಾದಕ್ಕೆ ನಾನೂ ಹೋದೆ. ಅರ್ಲೀನ್ ಚರ್ಚಿಗೆ ಹಾಕುವ ನೇರಳೆ ಹ್ಯಾಟು ಹಾಕಿದಳು, ಚಿಕ್ಕಮ್ಮ ರೇಷ್ಮೆ ಉಟ್ಟಳು. ಹಿರಿಯ ಪ್ರೊಫೆಸರೊಬ್ಬರು ಎದ್ದು, ಎರಡು ಜನಾಂಗಗಳ ನಡುವಿನ ಒಗ್ಗಟ್ಟು ರೂಪುಗೊಂಡ ಬಗೆಯನ್ನು ವಿವರಿಸಬೇಕೆಂದರು.

"ಮೊದಲು ಹೀಟರ್ ಕೆಟ್ಟಿತು," ಎಂದಳು ಚಿಕ್ಕಮ್ಮ.

ಸಭೆ ಗೊಳ್ಳೆಂದಿತು. ಅವಳು ಬಿಡಲಿಲ್ಲ. "ನಿಮ್ಮ ಪಕ್ಕದ ಮನೆಯವ್ರಿಗೆ ನೀವೆಷ್ಟು ಕೊಡ್ತೀರಿ ಸಾರ್?"

ಆತ ತಡವರಿಸಿ, ಹೆಸರೇ ಗೊತ್ತಿಲ್ಲ ಎಂದರು.

"ಸೊನ್ನೆ ಅಂತ ಬರ್ಕೊ," ಎಂದು ಅರ್ಲೀನ್ ನನಗೆ ಹೇಳಿದಳು.

ಮರಳುವಾಗ ರೈಲಿನಲ್ಲಿ ಚಿಕ್ಕಮ್ಮ, "ಇಲ್ಲಿಗೆ ಬಂದ್ಮೇಲೆ ಏನಾಯ್ತು ಅಂತ ಯಾರೂ ಕೇಳೇ ಇರ್ಲಿಲ್ಲ ನೋಡು," ಎಂದಳು. ಅಷ್ಟರಲ್ಲಿ ಅರ್ಲೀನ್ ಪ್ರೊಫೆಸರರ ತಡವರಿಕೆಯನ್ನು ಅಣಕಿಸಿದಳು. ನಕ್ಕು ನಕ್ಕು ನಮ್ಮ ನಿಲ್ದಾಣ ದಾಟಿದ್ದೇ ತಿಳಿಯಲಿಲ್ಲ.

ಈಗ ಇಬ್ಬರೂ ನಡೀನಳ ಸಹಾಯಕರು. ಕೊರಳಲ್ಲಿ ಗುರುತಿನ ಚೀಟಿ. ಅರುವತ್ತು ಮನೆಗೆ ಹೋಗಿ ಪ್ರಶ್ನೆ ಕೇಳಿಬರಬೇಕಿತ್ತು, ಹನ್ನೊಂದು ಆಗಿವೆ. ಹೋದಲ್ಲೆಲ್ಲ ಊಟಕ್ಕೆ ಕೂತುಬಿಡುತ್ತಾರೆ.